ಕಮ್ಯುನಿಸಂಗೆ ಕಟ್ಟಿದ ಒಡ್ಡು ಎಲ್ಲಿ ನಿಂತಿತು, ಎಲ್ಲಿ ಒಡೆಯಿತು?

ಪ್ರಶ್ನೆ: ಟ್ರೂಮನ್ ಸಿದ್ಧಾಂತ, ಮಾರ್ಷಲ್ ಯೋಜನೆ, ನ್ಯಾಟೋ, ಸೀಟೋ ಎಲ್ಲವೂ ಇಸವಿ ಸಮೇತ ಬಾಯಿಪಾಠ ಆಗಿವೆ. ಆದರೆ ಕಮ್ಯುನಿಸಂ ಹರಡದಂತೆ ಅಮೆರಿಕ ತಡೆದದ್ದು ನಿಜಕ್ಕೂ ಹೇಗೆ, ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ಮಾತ್ರ ಸ್ಪಷ್ಟವಾಗುತ್ತಿಲ್ಲ. ಪಶ್ಚಿಮ ಯುರೋಪಿನಲ್ಲಿ ಫಲ ಕೊಟ್ಟ ನೀತಿ ವಿಯೆಟ್ನಾಂನಲ್ಲಿ ಯಾಕೆ ಕೈಕೊಟ್ಟಿತು? ಮನೆಯ ಹಿರಿಯರು ನೆನೆಯುವ, ಅಮೆರಿಕದಿಂದ ಬರುತ್ತಿದ್ದ ಪಿ.ಎಲ್. 480 ಗೋಧಿಗೂ ಇದಕ್ಕೂ ನಂಟಿದೆಯೇ?

ಉತ್ತರ: ಮೊದಲು ಆ ಪಟ್ಟಿಯನ್ನು ಎರಡಾಗಿ ಸೀಳಿಕೊಳ್ಳಿ. 1947ರಿಂದ 1949ರವರೆಗಿನದು ಒಂದು ಭಾಗ, 1950ರ ಜೂನ್ ನಂತರದ್ದು ಇನ್ನೊಂದು. ಪಠ್ಯಪುಸ್ತಕಗಳು ಎರಡಕ್ಕೂ ‘ಕಂಟೈನ್‌ಮೆಂಟ್’, ಅಂದರೆ ತಡೆ ನೀತಿ, ಎಂದು ಒಂದೇ ಹಣೆಪಟ್ಟಿ ಹಚ್ಚುತ್ತವೆ. ಮೊದಲನೆಯದು ಹೊಟ್ಟೆ ಮತ್ತು ಮತಪೆಟ್ಟಿಗೆಯ ಲೆಕ್ಕಾಚಾರ, ಎರಡನೆಯದು ಬಂದೂಕು ಮತ್ತು ಗಡಿರೇಖೆಯದು. ಕೊರೋನಾ ಕಾಲದ ಕಂಟೈನ್‌ಮೆಂಟ್ ಝೋನ್ ನೆನಪಿಸಿಕೊಳ್ಳಿ: ಬೀದಿಗೆ ಅಡ್ಡ ಕಟ್ಟಿದ ಬೊಂಬು ಎಲ್ಲರ ಕಣ್ಣಿಗೂ ಬಿತ್ತು, ಒಳಗಿದ್ದವರಿಗೆ ಅಕ್ಕಿ-ಹಾಲು ಮುಟ್ಟಿಸಿದವರು ಕಾಣಲಿಲ್ಲ. ಬೊಂಬು ನಿಂತದ್ದು ಅವರಿಂದ. ಈ ನೀತಿಯ ಕಥೆಯೂ ಹಾಗೆಯೇ. ಒಳಗಿದ್ದು ಒಡ್ಡನ್ನು ಹಿಡಿದುಕೊಳ್ಳುವವರು ಇದ್ದ ಕಡೆ ಅದು ನಿಂತಿತು.

ಮೂಲ ಲೆಕ್ಕ ಹಾಕಿದವನು ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಲ್ಲಿದ್ದ ಜಾರ್ಜ್ ಕೆನನ್. 1946ರ ಫೆಬ್ರವರಿ 22ರಂದು ಆತ ವಾಷಿಂಗ್ಟನ್ನಿಗೆ ಐದು ಭಾಗಗಳ ಉದ್ದನೆಯ ತಂತಿ ಕಳಿಸಿದ. ಅದರ ತಿರುಳು ಇಷ್ಟು: ಸ್ಟಾಲಿನ್ ಹಿಟ್ಲರನಂತೆ ದಿನಾಂಕ ಗುರುತು ಹಾಕಿಕೊಂಡು ಯುದ್ಧಕ್ಕೆ ಹೊರಡುವವನಲ್ಲ, ಗಟ್ಟಿಯಾದ ಅಡ್ಡಿ ಎದುರಾದರೆ ಹಿಂದೆ ಸರಿಯುತ್ತಾನೆ, ಕಮ್ಯುನಿಸಂ ರೋಗ ಹಿಡಿದ ಮೈಯಲ್ಲಿ ಮಾತ್ರ ಬೆಳೆಯುವ ಪರಾವಲಂಬಿ, ಆದ್ದರಿಂದ ಮೊದಲು ಮೈಯ ಆರೋಗ್ಯ ನೋಡಿಕೊಳ್ಳಿ. 1947ರ ಜುಲೈನಲ್ಲಿ ‘ಎಕ್ಸ್’ ಎಂಬ ಗುಪ್ತನಾಮದಲ್ಲಿ ಇದೇ ವಾದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಅಂಶ ಇದೆ. ಕೆನನ್ ಇಡೀ ಭೂಮಿಗೆ ಬೇಲಿ ಹಾಕಲು ಹೊರಟಿರಲಿಲ್ಲ. ಆಧುನಿಕ ಯುದ್ಧ ನಡೆಸುವಷ್ಟು ಕೈಗಾರಿಕಾ ಬಲ ಇರುವ ಜಾಗ ಜಗತ್ತಿನಲ್ಲಿ ಐದೇ ಎಂದು ಆತ ಎಣಿಸಿದ್ದ: ಅಮೆರಿಕ, ಬ್ರಿಟನ್, ರೈನ್ ಕಣಿವೆ, ಜಪಾನ್ ಮತ್ತು ಸೋವಿಯತ್ ಒಕ್ಕೂಟ. ಐದರಲ್ಲಿ ಒಂದು ಮಾತ್ರ ಅತ್ತ ಕಡೆ ಇದೆ, ಉಳಿದ ನಾಲ್ಕು ಅತ್ತ ಹೋಗದಂತೆ ನೋಡಿಕೊಂಡರೆ ಸಾಕು. ಈ ಪಟ್ಟಿಯಲ್ಲಿ ವಿಯೆಟ್ನಾಂ ಇರಲಿಲ್ಲ.

ಹಾಗಾದರೆ ‘ಜಗತ್ತಿನ ಎಲ್ಲ ಕಡೆ’ ಎಂಬ ಮಾತು ಎಲ್ಲಿಂದ ನುಸುಳಿತು? ಗ್ರೀಸಿನಿಂದ. 1947ರ ಫೆಬ್ರವರಿ 21ರಂದು ಬ್ರಿಟನ್ ಅಮೆರಿಕಕ್ಕೆ ತಿಳಿಸಿತು: ಗ್ರೀಸ್ ಮತ್ತು ಟರ್ಕಿಯನ್ನು ಸಾಕಲು ನಮ್ಮ ಬಳಿ ದುಡ್ಡಿಲ್ಲ, ಮಾರ್ಚ್ 31ಕ್ಕೆ ಕೈ ತೊಳೆದುಕೊಳ್ಳುತ್ತೇವೆ. ಮೂರು ವಾರದೊಳಗೆ, ಮಾರ್ಚ್ 12ರಂದು, ಅಮೆರಿಕದ ಅಧ್ಯಕ್ಷ ಟ್ರೂಮನ್ ತನ್ನ ದೇಶದ ಸಂಸತ್ತಿನ ಮುಂದೆ ನಿಂತು 40 ಕೋಟಿ ಡಾಲರ್ ಕೇಳಿದ. ಗ್ರೀಸಿಗೆ 30, ಟರ್ಕಿಗೆ 10. ಯುದ್ಧ ಮುಗಿಸಿ ಕಿಸೆ ಬಿಗಿಹಿಡಿದಿದ್ದ ಸಂಸತ್ತಿನಿಂದ ಇಷ್ಟು ಹಣ ಬಿಡಿಸಲು ಎರಡು ದೇಶದ ಬಡತನದ ಕಥೆ ಸಾಲದು. ಆದ್ದರಿಂದ ಭಾಷಣ ಎರಡು ದೇಶವನ್ನು ಬಿಟ್ಟು ಸ್ವಾತಂತ್ರ್ಯ ಉಳಿಸಿಕೊಳ್ಳಲು ಹೋರಾಡುವ ಜನರೆಲ್ಲರನ್ನೂ ಒಳಗೊಂಡಿತು. ಟ್ರೂಮನ್ ಸಿದ್ಧಾಂತ ಎಂದರೆ ಇದೇ. ಬಜೆಟ್ ಪಾಸು ಮಾಡಿಸಲು ಬರೆದ ಆ ವಾಕ್ಯವನ್ನೇ ಮುಂದಿನವರು ವೇದವಾಕ್ಯ ಮಾಡಿಕೊಂಡರು.

ಗ್ರೀಸಿನಲ್ಲಿ ಕಮ್ಯುನಿಸ್ಟರು ಸೋತದ್ದು ಅಮೆರಿಕದ ಹಣ ಮತ್ತು ಜನರಲ್ ವಾನ್ ಫ್ಲೀಟನ ಸಲಹೆಗಾರರಿಂದ ಎನ್ನುತ್ತಾರೆ. ಅರ್ಧ ಸತ್ಯ. ಬಂಡುಕೋರರಿಗೆ ಬೆನ್ನಾಗಿದ್ದದ್ದು ಯುಗೊಸ್ಲಾವಿಯಾದ ಟಿಟೊ; ಸ್ಟಾಲಿನ್ ಆ ವಿಷಯದಲ್ಲಿ ಕೈ ಬಿಚ್ಚಲೇ ಇಲ್ಲ. 1948ರ ಜೂನ್‌ನಲ್ಲಿ ಟಿಟೊ-ಸ್ಟಾಲಿನ್ ಸಂಬಂಧ ಹಳಸಿತು, 1949ರ ಜುಲೈನಲ್ಲಿ ಟಿಟೊ ಗಡಿ ಮುಚ್ಚಿದ, ಆಗಸ್ಟ್‌ನಲ್ಲಿ ಗ್ರಾಮೋಸ್ ಬೆಟ್ಟದ ಕೊನೆಯ ನೆಲೆ ಬಿತ್ತು. ಗಾಯಾಳುಗಳನ್ನು ಸಾಗಿಸಲು, ಮದ್ದುಗುಂಡು ತರಲು ಬೆನ್ನ ಹಿಂದೆ ಒಂದು ದೇಶ ಇಲ್ಲದ ಗೆರಿಲ್ಲಾ ಪಡೆ ಹೆಚ್ಚು ದಿನ ಬಾಳುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ವಿಯೆಟ್ನಾಂಗೆ ಬಂದಾಗ ಬೇಕಾಗುತ್ತದೆ.

ಈಗ ದುಡ್ಡಿನ ವಿಷಯ. ಯುದ್ಧದಲ್ಲಿ ನಲುಗಿದ ಯುರೋಪಿಗೆ ಕೊಟ್ಟ ನೆರವೇ ಮಾರ್ಷಲ್ ಯೋಜನೆ. ಹಾಗೆಂದರೆ ಅಮೆರಿಕ ಯುರೋಪಿಗೆ ಡಾಲರ್ ಕಟ್ಟು ಕಳಿಸಿತು ಎಂದೇ ಬಹಳ ಜನ ತಿಳಿದಿದ್ದಾರೆ. ಅಲ್ಲ. ಇಟಲಿಯ ಒಂದು ನೂಲಿನ ಗಿರಣಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಗಿರಣಿ ಇದೆ, ಕೆಲಸ ಬಲ್ಲ ಆಳುಗಳಿದ್ದಾರೆ, ಕೊಳ್ಳುವವರಿದ್ದಾರೆ. ಇಲ್ಲದ್ದು ಹತ್ತಿ, ಮತ್ತು ಹತ್ತಿ ಕೊಳ್ಳಲು ಬೇಕಾದ ಡಾಲರ್. ಮಾಲೀಕ ಅಮೆರಿಕದ ಹತ್ತಿಗೆ ಆರ್ಡರ್ ಹಾಕುತ್ತಾನೆ. ಅಮೆರಿಕದ ರಫ್ತುದಾರನಿಗೆ ಡಾಲರ್ ಕೊಡುವುದು ವಾಷಿಂಗ್ಟನ್ನಿನ ಆರ್ಥಿಕ ಸಹಕಾರ ಆಡಳಿತ, ಅಂದರೆ ಇಸಿಎ. ಹಾಗೆಂದು ಮಾಲೀಕನಿಗೆ ಹತ್ತಿ ಬಿಟ್ಟಿ ಸಿಗುವುದಿಲ್ಲ. ತನ್ನ ದೇಶದ ಲೀರಾದಲ್ಲಿ ಪೂರ್ತಿ ಬೆಲೆ ತೆರುತ್ತಾನೆ. ಆ ಲೀರಾ ಇಟಲಿ ಸರ್ಕಾರದ ಹೆಸರಿನ ಒಂದು ವಿಶೇಷ ಖಾತೆಗೆ ಬೀಳುತ್ತದೆ. ಇದನ್ನು ‘ಕೌಂಟರ್‌ಪಾರ್ಟ್ ನಿಧಿ’ ಎನ್ನುತ್ತಿದ್ದರು. ಇದರಲ್ಲಿ ಶೇ. 95ನ್ನು ಇಟಲಿ ಸರ್ಕಾರ ಪುನರ್ನಿರ್ಮಾಣಕ್ಕೆ ಬಳಸಬಹುದು, ಆದರೆ ಪ್ರತಿ ಸಲ ರೋಮ್‌ನಲ್ಲಿ ಕೂತ ಇಸಿಎ ಕಚೇರಿಯ ಒಪ್ಪಿಗೆ ಬೇಕು. ಉಳಿದ ಶೇ. 5 ಅಮೆರಿಕಕ್ಕೆ, ಆಡಳಿತದ ಖರ್ಚಿಗೆ ಮತ್ತು ಯುದ್ಧೋಪಯೋಗಿ ಕಚ್ಚಾವಸ್ತು ಕೊಳ್ಳಲು.

ಒಂದೇ ಡಾಲರು ಎರಡು ಸಲ ದುಡಿಯಿತು ನೋಡಿ. ಒಮ್ಮೆ ಹತ್ತಿಯಾಗಿ ಗಿರಣಿಗೆ ಹೋಯಿತು, ಇನ್ನೊಮ್ಮೆ ಲೀರಾ ಆಗಿ ಸೇತುವೆಗೋ ರೈಲು ಹಳಿಗೋ ಹೋಯಿತು. ಆ ಖಾತೆಯ ಬೀಗದ ಕೈ ಅರ್ಧ ಅಮೆರಿಕದ ಹತ್ತಿರ ಇದ್ದದ್ದರಿಂದ ಬಜೆಟ್, ಹಣದುಬ್ಬರ, ಆಮದು ನಿರ್ಬಂಧ ಎಲ್ಲದರಲ್ಲೂ ಮಾತಾಡುವ ಹಕ್ಕು ಸಿಕ್ಕಿತು. ಫ್ರಾನ್ಸ್ ಈ ನಿಧಿಯನ್ನು ವಿದ್ಯುತ್, ಕಲ್ಲಿದ್ದಲು, ರೈಲ್ವೆಗೆ ಸುರಿಯಿತು. ಬ್ರಿಟನ್ ಬಹುಪಾಲನ್ನು ಹಳೇ ಸಾಲ ತೀರಿಸಲು ಬಳಸಿತು. ಪಶ್ಚಿಮ ಜರ್ಮನಿ ಮಾತ್ರ ಅದನ್ನು ಬೀಜದ ಗಂಟಿನ ಹಾಗೆ ಕಾಪಾಡಿಕೊಂಡಿತು: 1948ರಲ್ಲಿ ಹುಟ್ಟಿದ ಕೆಎಫ್‌ಡಬ್ಲ್ಯು ಬ್ಯಾಂಕಿನ ಮೂಲಕ ಉದ್ದಿಮೆಗಳಿಗೆ ಸಾಲ ಕೊಟ್ಟು, ವಾಪಸು ಬಂದದ್ದನ್ನು ಮತ್ತೆ ಸಾಲ ಕೊಟ್ಟಿತು. ಆ ನಿಧಿ ಇವತ್ತಿಗೂ ತಿರುಗುತ್ತಿದೆ.

ಒಟ್ಟು ಮೊತ್ತ ಸುಮಾರು 1,300 ಕೋಟಿ ಡಾಲರ್. ಬಹುಪಾಲು ಅನುದಾನ, ಸ್ವಲ್ಪ ಸಾಲ. ಬ್ರಿಟನ್ನಿಗೆ ಸುಮಾರು 320 ಕೋಟಿ, ಫ್ರಾನ್ಸಿಗೆ 270, ಇಟಲಿಗೆ 150, ಪಶ್ಚಿಮ ಜರ್ಮನಿಗೆ 140 ಕೋಟಿ. ದೊಡ್ಡ ಮೊತ್ತ ಅನ್ನಿಸುತ್ತದೆ, ಆದರೆ ಪಡೆದ ದೇಶಗಳ ರಾಷ್ಟ್ರೀಯ ಆದಾಯದ ಜತೆ ತೂಗಿದರೆ ಸರಾಸರಿ ಶೇ. 2-3ರ ಆಸುಪಾಸು. ‘ಅಮೆರಿಕ ಯುರೋಪನ್ನು ಕಟ್ಟಿತು’ ಎಂಬ ಮಾತು ಹಾಗಾಗಿ ಉತ್ಪ್ರೇಕ್ಷೆ. ಯುರೋಪನ್ನು ಯುರೋಪಿನವರೇ ಕಟ್ಟಿದರು. ನಿಂತುಹೋಗಿದ್ದ ಪಂಪ್‌ಸೆಟ್ಟಿಗೆ ಮೊದಲ ಕೊಡ ನೀರು ಹೊಯ್ದದ್ದು ಅಮೆರಿಕ. ಬಾವಿ ಇತ್ತು, ಪೈಪ್ ಇತ್ತು, ನಡೆಸುವವನೂ ಇದ್ದ. ಬಾವಿಯೇ ಇಲ್ಲದ ಕಡೆ ಅದೇ ಕೊಡ ನೀರು ಹೊಯ್ದರೆ ಏನಾಗುತ್ತದೆ ಎಂಬುದು ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನಿನಲ್ಲಿ ತಿಳಿಯಿತು.

ರಾಜಕೀಯವಾಗಿ ಇದು ಬಲು ಚಾಲಾಕಿನ ಯೋಜನೆ. ಅಮೆರಿಕದ ವಿದೇಶಾಂಗ ಸಚಿವ ಮಾರ್ಷಲ್ 1947ರ ಜೂನ್ 5ರ ಭಾಷಣದಲ್ಲಿ ಸೋವಿಯತ್ ಒಕ್ಕೂಟವನ್ನು ಹೊರಗಿಡಲಿಲ್ಲ. ಆದರೆ ಷರತ್ತಿನ ಪ್ರಕಾರ ಎಲ್ಲರೂ ತಮ್ಮ ಲೆಕ್ಕಪುಸ್ತಕ ಬಿಚ್ಚಿ ತೋರಿಸಬೇಕು, ಒಟ್ಟಾಗಿ ಯೋಜನೆ ಹಾಕಬೇಕು. ಸ್ಟಾಲಿನ್ ಒಪ್ಪುವುದಿಲ್ಲ ಎಂಬುದು ಗೊತ್ತೇ ಇತ್ತು. ಜುಲೈ 2ರಂದು ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್ ಪ್ಯಾರಿಸ್ ಸಭೆಯಿಂದ ಎದ್ದು ಹೋದ. ಮೊದಲು ಹ್ಞೂಂ ಎಂದಿದ್ದ ಜೆಕೊಸ್ಲೊವಾಕಿಯಾ ಮಾಸ್ಕೋದ ಒತ್ತಡಕ್ಕೆ ಮಣಿದು ಹಿಂದೆಗೆಯಿತು. ಯುರೋಪನ್ನು ಇಬ್ಭಾಗ ಮಾಡಿದ ಅಪವಾದ ಸ್ಟಾಲಿನ್ ತಲೆಗೆ ಬಂತು. ಒಳಗೊಳಗೇ ಬೇರೆ ಕೆಲಸವೂ ನಡೆಯಿತು. ಮೇಲೆ ಹೇಳಿದ ಶೇ. 5ರಲ್ಲಿ ಒಂದು ಪಾಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ರಹಸ್ಯ ಚಟುವಟಿಕೆಗೆ ಹರಿಯಿತು. ಅದಕ್ಕೂ ಮುಂಚೆಯೇ, 1948ರ ಏಪ್ರಿಲ್ 18ರ ಇಟಲಿ ಚುನಾವಣೆಯಲ್ಲಿ, ಆಗಷ್ಟೇ ಹುಟ್ಟಿದ ಸಿಐಎ ಕ್ರಿಶ್ಚಿಯನ್ ಡೆಮಾಕ್ರಾಟರಿಗೆ ಗುಟ್ಟಾಗಿ ಹಣ ದಾಟಿಸಿತ್ತು. ಅಮೆರಿಕದಲ್ಲಿ ನೆಲೆಸಿದ್ದ ಇಟಾಲಿಯನ್ನರು ಊರಿನ ನೆಂಟರಿಗೆ ರಾಶಿ ರಾಶಿ ಕಾಗದ ಬರೆದಿದ್ದರು. ಫಲಿತಾಂಶ: ಕ್ರಿಶ್ಚಿಯನ್ ಡೆಮಾಕ್ರಾಟರಿಗೆ ಶೇ. 48.5, ಎಡರಂಗಕ್ಕೆ ಶೇ. 31.

ತಡೆ ನೀತಿ ತನ್ನ ಒಳ್ಳೆಯ ದಿನಗಳಲ್ಲಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಬರ್ಲಿನ್ ತೋರಿಸುವುದೇ ಸರಿ. 1948ರ ಜೂನ್ 24ರಂದು ಸೋವಿಯತ್ ಪಡೆಗಳು, ತಮ್ಮ ವಲಯದ ನಡುವೆ ದ್ವೀಪದಂತಿದ್ದ, ಅಮೆರಿಕ-ಬ್ರಿಟನ್-ಫ್ರಾನ್ಸ್ ಹಿಡಿತದ ಪಶ್ಚಿಮ ಬರ್ಲಿನ್ನಿಗೆ ರಸ್ತೆ, ರೈಲು, ಕಾಲುವೆ ಮೂರನ್ನೂ ಮುಚ್ಚಿದವು. ರಸ್ತೆ-ರೈಲಿಗೆ ಲಿಖಿತ ಒಪ್ಪಂದವೇ ಇರಲಿಲ್ಲ. ಆದರೆ ತಲಾ 32 ಕಿಲೋಮೀಟರ್ ಅಗಲದ ಮೂರು ವಾಯುಮಾರ್ಗಗಳಿಗೆ 1945ರ ನವೆಂಬರ್‌ನ ಸಹಿ ಹಾಕಿದ ಕಾಗದ ಇತ್ತು. ಆ ಕಾಗದದ ಬಲ ದೊಡ್ಡದು: ಟ್ಯಾಂಕ್ ನುಗ್ಗಿಸಿ ರಸ್ತೆ ಬಿಡಿಸಲು ಹೋದರೆ ಮೊದಲ ಗುಂಡು ಅಮೆರಿಕದ್ದಾಗುತ್ತಿತ್ತು, ವಿಮಾನ ಹಾರಿಸಿದರೆ ಹೊಡೆಯಬೇಕೋ ಬೇಡವೋ ಎಂಬ ತಲೆನೋವು ಸ್ಟಾಲಿನ್‌ನದು.

ಇಪ್ಪತ್ತು ಲಕ್ಷಕ್ಕೂ ಮಿಕ್ಕ ಜನಕ್ಕೆ ದಿನಕ್ಕೆ ಎಷ್ಟು ಬೇಕು? ಕನಿಷ್ಠ ಲೆಕ್ಕ ಹೀಗಿತ್ತು. ಆಹಾರ ಸುಮಾರು 1,500 ಟನ್: ಅದರಲ್ಲಿ ಹಿಟ್ಟು-ಗೋಧಿ 646, ಒಣಗಿಸಿದ ಆಲೂಗಡ್ಡೆ 180, ಸಕ್ಕರೆ 180, ಮಾಂಸ-ಮೀನು 109, ಕೊಬ್ಬು 64, ಉಪ್ಪು 38, ಕಾಫಿ 11 ಟನ್, ಬ್ರೆಡ್ಡಿಗೆ ಹುದುಗು 3 ಟನ್. ಇದರ ಎರಡು ಪಟ್ಟಿಗೂ ಹೆಚ್ಚು, ಸುಮಾರು 3,500 ಟನ್, ಕಲ್ಲಿದ್ದಲು ಮತ್ತು ಇಂಧನ. ಅಂದರೆ ಬರ್ಲಿನ್ ವಿಮಾನ ಸೇತುವೆ ಎಂಬುದು ಮುಖ್ಯವಾಗಿ ಕಲ್ಲಿದ್ದಲು ಸಾಗಿಸಿದ ಕಥೆ. ಶುರುವಿನಲ್ಲಿದ್ದ ಸಿ-47 ವಿಮಾನ ಒಯ್ಯುತ್ತಿದ್ದದ್ದು 3 ಟನ್. ಸಿ-54 ಒಯ್ಯುವುದು ಸುಮಾರು 10 ಟನ್. ಎರಡಕ್ಕೂ ಇಳಿಯಲು, ಖಾಲಿ ಮಾಡಲು ಹೆಚ್ಚುಕಡಿಮೆ ಒಂದೇ ಹೊತ್ತು ಬೇಕು, ಹಾಗಾಗಿ ಸಣ್ಣ ವಿಮಾನ ರನ್‌ವೇಯನ್ನು ಸುಮ್ಮನೆ ತಿಂದುಹಾಕುತ್ತದೆ. ಅದಕ್ಕೆಂದೇ ಅಮೆರಿಕನ್ನರು ಸಿ-47ಗಳನ್ನು ಕೈಬಿಟ್ಟರು.

ಎಡವಟ್ಟುಗಳೂ ಕಲಿಸಿದವು. ಆಗಸ್ಟ್ 13ರ ಶುಕ್ರವಾರ ಮೋಡ-ಮಳೆಯಲ್ಲಿ ಟೆಂಪಲ್‌ಹೋಫ್ ನಿಲ್ದಾಣದಲ್ಲಿ ಒಂದು ಸಿ-54 ರನ್‌ವೇ ದಾಟಿ ಹೊತ್ತಿ ಉರಿಯಿತು. ಹಿಂದೆ ಬಂದವು ಇಳಿಯಲಾಗದೆ ಆಕಾಶದಲ್ಲಿ ಒಂದರ ಮೇಲೊಂದು ಸುತ್ತು ಹೊಡೆಯತೊಡಗಿದವು. ಆ ಸುತ್ತಾಟದಲ್ಲಿ ಸಿಕ್ಕಿಕೊಂಡಿದ್ದವರಲ್ಲಿ ಇಡೀ ಕಾರ್ಯಾಚರಣೆಯ ಮುಖ್ಯಸ್ಥ ವಿಲಿಯಂ ಟನ್ನರ್ ಕೂಡ ಒಬ್ಬ. ಅಂದಿನಿಂದ ನಿಯಮ ಬದಲಾಯಿತು: ವಿಮಾನಗಳ ನಡುವೆ ಮೂರು ನಿಮಿಷದ ಅಂತರ, ನಿಗದಿಯಾದ ವೇಗ, ನಿಗದಿಯಾದ ಎತ್ತರ, ಮೊದಲ ಯತ್ನದಲ್ಲಿ ಇಳಿಯಲಾಗದಿದ್ದರೆ ಎರಡನೇ ಯತ್ನವಿಲ್ಲ, ಹೊರೆ ಸಮೇತ ವಾಪಸು. ಉತ್ತರ ಮತ್ತು ದಕ್ಷಿಣದ ಮಾರ್ಗದಲ್ಲಿ ಬರುವುದು, ನಡುವಿನದರಲ್ಲಿ ಹೋಗುವುದು, ಒನ್-ವೇ ಟ್ರಾಫಿಕ್ಕು. ಪೈಲಟ್‌ಗಳು ಕಾಫಿ ಕುಡಿಯಲು ಇಳಿದು ಹೋಗಿ ತಡಮಾಡುತ್ತಾರೆಂದು ಟನ್ನರ್ ಅವರನ್ನು ಇಳಿಯಲೇ ಬಿಡಲಿಲ್ಲ. ತಿಂಡಿ, ಹವಾಮಾನದ ಚೀಟಿ ಎಲ್ಲ ಜೀಪಿನಲ್ಲಿ ವಿಮಾನದ ಬುಡಕ್ಕೇ ಬಂತು.

ಕಲ್ಲಿದ್ದಲ ಪುಡಿ ವಿಮಾನದ ತಂತಿ-ಕೀಲುಗಳೊಳಗೆ ಸೇರಿ ಸವೆಸುತ್ತಿತ್ತು; ಸೈನ್ಯದ ಹಳೇ ಕ್ಯಾನ್‌ವಾಸ್ ಚೀಲಗಳಲ್ಲಿ ತುಂಬಿದರು. ಉಪ್ಪು ಇನ್ನೂ ಕಷ್ಟ, ಲೋಹವನ್ನೇ ತಿನ್ನುತ್ತದೆ. ಅದಕ್ಕೆ ಬ್ರಿಟಿಷರ ಸಂಡರ್ಲೆಂಡ್ ನೀರ್ವಿಮಾನ ಬಂತು: ಸಮುದ್ರದ ನೀರಿಗೆಂದೇ ತುಕ್ಕು ಹಿಡಿಯದಂತೆ ಮಾಡಿದ್ದು, ಹಾವೆಲ್ ಸರೋವರದ ಮೇಲೆ ಇಳಿಯುತ್ತಿತ್ತು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಹ್ಯಾಲಿಫ್ಯಾಕ್ಸ್ ವಿಮಾನಗಳ ಹೊಟ್ಟೆಯ ಕೆಳಗೆ, ಒಳಗಿನ ಲೋಹಕ್ಕೆ ತಾಗದಂತೆ, ಉಪ್ಪಿನ ಬುಟ್ಟಿ ಜೋತುಬಿಟ್ಟರು. ಮಾಂಸದ ಎಲುಬು ತೆಗೆದರು, ಆಲೂಗಡ್ಡೆಯ ನೀರು ತೆಗೆದರು. ಫ್ರೆಂಚ್ ವಲಯದ ಟೆಗೆಲ್‌ನಲ್ಲಿ ಸಾವಿರಾರು ಬರ್ಲಿನ್ ನಿವಾಸಿಗಳು, ಅವರಲ್ಲೂ ಬಹಳ ಹೆಂಗಸರು, ಬಾಂಬಿಗೆ ಉರುಳಿದ ಮನೆಗಳ ಇಟ್ಟಿಗೆ ಹೊತ್ತು ಸುಮಾರು ಮೂರು ತಿಂಗಳಲ್ಲಿ ಹೊಸ ನಿಲ್ದಾಣ ಕಟ್ಟಿದರು. 1949ರ ಏಪ್ರಿಲ್ 15-16ರ ಈಸ್ಟರ್ ಹೊತ್ತಿಗೆ 24 ಗಂಟೆಯಲ್ಲಿ 12,941 ಟನ್ ಬಂದಿಳಿಯಿತು. ಮೇ 12ರಂದು ಸ್ಟಾಲಿನ್ ದಾರಿ ತೆರೆದ. ಒಟ್ಟು 2.78 ಲಕ್ಷ ಹಾರಾಟ, 23 ಲಕ್ಷ ಟನ್. ಅಪಘಾತಗಳಲ್ಲಿ ಸತ್ತವರು ನೂರರಷ್ಟು. ಈ ನಡುವೆ ಪೂರ್ವ ವಲಯದಲ್ಲಿ ಹೆಸರು ನೋಂದಾಯಿಸಿದರೆ ರೇಷನ್ ಕೊಡುತ್ತೇವೆ ಎಂದು ಸೋವಿಯತ್ ಆಡಳಿತ ಸಾರಿತ್ತು. ಪಶ್ಚಿಮ ಬರ್ಲಿನ್ನಿನ ಬಹುಪಾಲು ಜನ ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ವಿಮಾನಗಳಿಗಿಂತ ದೊಡ್ಡ ಸಂಗತಿ ಇದು.

ಅದೇ ವರ್ಷ ಗಾಳಿ ತಿರುಗಿತು. 1949ರ ಏಪ್ರಿಲ್ 4ರಂದು 12 ದೇಶಗಳ ಸೇನಾ ಒಕ್ಕೂಟ ನ್ಯಾಟೋ. ಆಗಸ್ಟ್ 29ರಂದು ಸೋವಿಯತ್ ಅಣುಬಾಂಬ್. ಅಕ್ಟೋಬರ್ 1ರಂದು ಬೀಜಿಂಗಿನಲ್ಲಿ ಮಾವೋ. 1950ರ ಏಪ್ರಿಲ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಪಾಲ್ ನಿಟ್ಸೆಯ ನೇತೃತ್ವದಲ್ಲಿ ಎನ್‌ಎಸ್‌ಸಿ-68 ಎಂಬ ರಹಸ್ಯ ಟಿಪ್ಪಣಿ ಸಿದ್ಧವಾಯಿತು. ಕೆನನ್‌ನ ಐದು ಕೇಂದ್ರಗಳ ಲೆಕ್ಕ ಅಲ್ಲಿಗೆ ಮುಗಿಯಿತು. ಎಲ್ಲಿ ಸೋತರೂ ಎಲ್ಲ ಕಡೆ ಸೋತಂತೆ ಎಂಬ ಹೊಸ ಲೆಕ್ಕ ಬಂತು. ಟ್ರೂಮನ್ ಅದನ್ನು ತಕ್ಷಣ ಒಪ್ಪಲಿಲ್ಲ, ಖರ್ಚು ಕಂಡು ಹಿಂಜರಿದ. ಜೂನ್ 25ರಂದು ಉತ್ತರ ಕೊರಿಯಾ 38ನೇ ಅಕ್ಷಾಂಶ ದಾಟಿದ ಮೇಲೆ ಹಿಂಜರಿಕೆ ಉಳಿಯಲಿಲ್ಲ. ಸುಮಾರು 1,300 ಕೋಟಿ ಡಾಲರ್ ಇದ್ದ ರಕ್ಷಣಾ ವೆಚ್ಚ ಮೂರು ವರ್ಷದಲ್ಲಿ 5,000 ಕೋಟಿಯ ಹತ್ತಿರ ಹೋಯಿತು.

ಕೊರಿಯಾ ಯುದ್ಧದ ಏರಿಳಿತ ನಿಮ್ಮ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಇಂಚಾನ್‌ನಲ್ಲಿ ಇಳಿದು ಗೆದ್ದವರು ಅಲ್ಲಿಗೇ ನಿಲ್ಲದೆ ಚೀನಾದ ಗಡಿಯವರೆಗೆ ಹೋದರು, ಚೀನಾ ಒಳಗೆ ಬಂತು. ‘ತಡೆಯುವುದು’ ಹೋಗಿ ‘ಹಿಮ್ಮೆಟ್ಟಿಸುವುದು’ ಶುರುವಾದ ಎರಡು ತಿಂಗಳಲ್ಲಿ ಅದರ ಬೆಲೆ ಗೊತ್ತಾಯಿತು. ಪುಸ್ತಕದಲ್ಲಿ ಇಲ್ಲದ್ದು ಕೈದಿಗಳ ವಿಷಯ, ಮತ್ತು ಅದರಲ್ಲಿ ಕೊಡಗಿನ ಒಬ್ಬರಿದ್ದಾರೆ. 1951ರ ಜುಲೈನಲ್ಲಿ ಶುರುವಾದ ಕದನವಿರಾಮದ ಮಾತುಕತೆ ಒಂದು ವರ್ಷಕ್ಕೂ ಮಿಕ್ಕಿ ಕುಂಟಿದ್ದು ಒಂದೇ ಪ್ರಶ್ನೆಗೆ: ಊರಿಗೆ ಮರಳಲು ಒಪ್ಪದ ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳನ್ನು ಏನು ಮಾಡುವುದು? ಬಲವಂತವಾಗಿ ಕಳಿಸುವುದಿಲ್ಲ ಎಂದು ಟ್ರೂಮನ್ ಹಟ ಹಿಡಿದ. ಕಮ್ಯುನಿಸಂ ಬೇಡವೆಂದು ಸಾವಿರಾರು ಸೈನಿಕರೇ ಹೇಳಿದರೆ ಅದಕ್ಕಿಂತ ದೊಡ್ಡ ಪ್ರಚಾರ ಯಾವುದು? ಭಾರತ ವಿಶ್ವಸಂಸ್ಥೆಯಲ್ಲಿ ಮಂಡಿಸಿದ, 1952ರ ಡಿಸೆಂಬರ್ 3ರಂದು ಅಂಗೀಕಾರವಾದ ನಿರ್ಣಯದಿಂದ ಗಂಟು ಸಡಿಲಿಸುವ ದಾರಿ ಹೊಳೆಯಿತು. ಕೊನೆಗೆ ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ. ಕಾವಲಿಗೆ ಭಾರತದ ಪಡೆ.

ಭಾರತೀಯ ಸೈನಿಕರು ತನ್ನ ನೆಲಕ್ಕೆ ಕಾಲಿಡಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಪಟ್ಟು ಹಿಡಿದದ್ದರಿಂದ ನಮ್ಮವರನ್ನು ಹಡಗಿನಿಂದ ನೇರ ಹೆಲಿಕಾಪ್ಟರಿನಲ್ಲಿ ಸೇನಾಮುಕ್ತ ವಲಯಕ್ಕೆ ಒಯ್ಯಬೇಕಾಯಿತು. ಅವರ ಸುಪರ್ದಿಗೆ ಬಂದವರು ಸುಮಾರು 22,600 ಮಂದಿ. ಎದುರು ಕಡೆಯಿಂದ ಮನೆಗೆ ಹೋಗೆವು ಎಂದವರು 359, ಅದರಲ್ಲಿ 23 ಅಮೆರಿಕನ್ನರು. ಕ್ರಮ ಸರಳವಾಗಿತ್ತು. ಡೇರೆಯೊಳಗೆ ಒಬ್ಬೊಬ್ಬ ಕೈದಿಗೂ ಅವನ ದೇಶದವರು 90 ದಿನದ ಅವಧಿಯಲ್ಲಿ ‘ವಿವರಣೆ’ ಕೊಡಬಹುದು, ನಂತರ ಅವನು ತನ್ನ ದಾರಿ ಆರಿಸಿಕೊಳ್ಳಬೇಕು. ಕೆಟ್ಟದ್ದು ಎಲ್ಲಿ? ಶಿಬಿರಗಳ ಒಳಗೆ ತೈವಾನ್ ಮತ್ತು ದಕ್ಷಿಣ ಕೊರಿಯಾ ಪರ ಮುಖಂಡರ ಹಿಡಿತ ಎಷ್ಟಿತ್ತೆಂದರೆ ಬಹುಪಾಲು ಕೈದಿಗಳು ಡೇರೆಯ ತನಕ ಬರಲೇ ಇಲ್ಲ, ಬಲವಂತವಾಗಿ ಎಳೆತರಲು ತಿಮ್ಮಯ್ಯ ಒಪ್ಪಲಿಲ್ಲ. ಆರುನೂರು ಚಿಲ್ಲರೆ ಮಂದಿ ಊರಿಗೆ ಮರಳಿದರು. 1954ರ ಜನವರಿ 20ರಿಂದ ಉಳಿದವರನ್ನು, ಮೊದಲು ಅವರನ್ನು ಸೆರೆ ಹಿಡಿದಿದ್ದ ಪಡೆಗೇ ಒಪ್ಪಿಸಿದರು. ಚೀನೀಯರು ತೈವಾನಿಗೆ ಹೋದರು. ಎರಡೂ ಬೇಡ ಎಂದ ಎಂಬತ್ತಕ್ಕೂ ಹೆಚ್ಚು ಜನ ನಮ್ಮ ಪಡೆಯ ಜತೆ ಹಡಗು ಹತ್ತಿ ಭಾರತಕ್ಕೆ ಬಂದರು.

ಏಷ್ಯಾದಲ್ಲಿ ತಡೆ ನೀತಿ ನಿಜಕ್ಕೂ ಬೇರೂರಿದ ಜಾಗಗಳಲ್ಲಿ ಕೆಲಸ ಮಾಡಿದ್ದು ಜಮೀನು. ‘ಉಳುವವನೇ ಹೊಲದೊಡೆಯ’ ಎಂಬುದು ನಮಗೆ 1970ರ ದಶಕದ ದೇವರಾಜ ಅರಸು ಕಾಲದ ಮಾತು; ಅಮೆರಿಕದ ಆಡಳಿತ ಅದನ್ನು ಜಪಾನಿನಲ್ಲಿ 1946ರಿಂದಲೇ ಮಾಡಿಸಿತ್ತು. ತೈವಾನ್ 1949ರಲ್ಲಿ ಗೇಣಿಯನ್ನು ಬೆಳೆಯ ಶೇ. 37.5ಕ್ಕೆ ಇಳಿಸಿತು, 1953ರಲ್ಲಿ ಭೂಮಿಯನ್ನೇ ಗೇಣಿದಾರರಿಗೆ ಹಂಚಿತು. ಸ್ವಂತ ಹೊಲ ಸಿಕ್ಕ ರೈತನಿಗೆ ಕ್ರಾಂತಿಯಲ್ಲಿ ಆಸಕ್ತಿ ಉಳಿಯುವುದಿಲ್ಲ. ಇದರ ಹಿಂದಿದ್ದ ಪ್ರಮುಖ ತಜ್ಞ ವುಲ್ಫ್ ಲೆಡೆಜಿನ್ಸ್ಕಿಯನ್ನು 1954ರ ಕೊನೆಗೆ ಅಮೆರಿಕದ ಕೃಷಿ ಇಲಾಖೆ ‘ಭದ್ರತೆಗೆ ಅಪಾಯ’ ಎಂದು ಕೆಲಸದಿಂದ ತೆಗೆದುಹಾಕಿತು! ಕಮ್ಯುನಿಸ್ಟರ ಕಾಲ ಕೆಳಗಿನ ನೆಲ ಸರಿಸಿದವನನ್ನೇ ಕಮ್ಯುನಿಸಂನ ಅನುಮಾನದ ಮೇಲೆ.

ಸೀಟೋ, ಸೆಂಟೋ ಎಂಬ ಏಷ್ಯಾದ ಸೇನಾ ಒಕ್ಕೂಟಗಳ ಬಗ್ಗೆ ಹೆಚ್ಚು ಹೊತ್ತು ಕಳೆಯಬೇಡಿ. 1954ರ ಸೀಟೋ ಎಂಟು ಸದಸ್ಯರಲ್ಲಿ ಆಗ್ನೇಯ ಏಷ್ಯಾದ ದೇಶಗಳು ಎರಡೇ, ಥಾಯ್ಲೆಂಡ್ ಮತ್ತು ಫಿಲಿಪೈನ್ಸ್. ಪಾಕಿಸ್ತಾನ ಸೇರಿದ್ದು ಮಾಸ್ಕೋ ಭಯಕ್ಕಲ್ಲ, ದೆಹಲಿಯ ಭಯಕ್ಕೆ. ಇರಾನ್ (1953), ಗ್ವಾಟೆಮಾಲಾ (1954) ಎರಡರಲ್ಲೂ ಸಿಐಎ ಅಗ್ಗದಲ್ಲಿ ಸರ್ಕಾರ ಬೀಳಿಸಿತು. ಆ ಸುಲಭದ ಗೆಲುವೇ 1961ರ ಏಪ್ರಿಲ್‌ನಲ್ಲಿ ಸುಮಾರು 1,400 ಜನರನ್ನು ಕ್ಯೂಬಾದ ಬೇ ಆಫ್ ಪಿಗ್ಸ್ ದಂಡೆಯಲ್ಲಿ ಇಳಿಸಿ ಮೂರು ದಿನದಲ್ಲಿ ಸೋಲುವ ಧೈರ್ಯ ಕೊಟ್ಟಿತು.

ವಿಯೆಟ್ನಾಂ ಸೋಲನ್ನು ಸೈನಿಕರ ಸಂಖ್ಯೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. 1969ರ ಏಪ್ರಿಲ್‌ನಲ್ಲಿ 5.43 ಲಕ್ಷ ಅಮೆರಿಕನ್ನರಿದ್ದರು. 1962ರ ಒಂದು ಹಳ್ಳಿಯನ್ನು ನೋಡಿ. ಮಲಯಾದಲ್ಲಿ (ಇಂದಿನ ಮಲೇಷ್ಯಾದ ಭಾಗ) ಬ್ರಿಟಿಷರು ಕಾಡಂಚಿನ ಸುಮಾರು ಐದು ಲಕ್ಷ ಚೀನೀ ಮೂಲದವರನ್ನು ಬೇಲಿ ಹಾಕಿದ ಹೊಸ ಊರುಗಳಿಗೆ ಸಾಗಿಸಿ ಬಂಡುಕೋರರ ಅಕ್ಕಿ ನಿಲ್ಲಿಸಿದ್ದರು. ಅದೇ ನಕಾಶೆಯನ್ನು ದಕ್ಷಿಣ ವಿಯೆಟ್ನಾಮಿಗೆ ತಂದು ‘ಸ್ಟ್ರಾಟಜಿಕ್ ಹ್ಯಾಮ್ಲೆಟ್’ ಎಂದು ಹೆಸರಿಟ್ಟರು: ಸುತ್ತ ಕಂದಕ, ಚೂಪಾದ ಬಿದಿರು ಗೂಟ, ಮುಳ್ಳುತಂತಿ, ಕಾವಲು ಗೋಪುರ, ರೇಡಿಯೋ, ಊರಿನದೇ ಕಾವಲು ಪಡೆ. ಮಾರ್ಚ್ 22ರಂದು ಬಿನ್ ಜುವಾಂಗ್ ಪ್ರಾಂತ್ಯದಲ್ಲಿ ‘ಆಪರೇಷನ್ ಸನ್‌ರೈಸ್’ ಶುರುವಾಯಿತು. ಮೊದಲ ಕಂತಿನ 205 ಕುಟುಂಬಗಳಲ್ಲಿ ಒಪ್ಪಿ ಬಂದದ್ದು 70. ಉಳಿದ 135ನ್ನು ಬಂದೂಕು ತೋರಿಸಿ ತಂದರು, ಹಿಂದೆ ಹೋಗದಂತೆ ಹಳೇ ಮನೆಗೆ ಬೆಂಕಿ ಇಟ್ಟರು. ಅಮೆರಿಕ ಕೊಟ್ಟ ಪರಿಹಾರದ ಹಣವನ್ನು ಜನ ಓಡಿಹೋಗುವುದಿಲ್ಲ ಎಂಬುದು ಖಾತ್ರಿಯಾಗುವ ತನಕ ಕೈಗೆ ಕೊಡಲಿಲ್ಲ. ಆಯುಧ ಹಿಡಿಯುವ ವಯಸ್ಸಿನ ಗಂಡಸರು ಆ ಗುಂಪಿನಲ್ಲಿ 120 ಮಂದಿ ಮಾತ್ರ. ಉಳಿದವರು ಆಗಲೇ ಕಾಡು ಸೇರಿದ್ದರು.

ಅಂದರೆ ಬೇಲಿಯ ಒಳಗೆ ಇದ್ದವರು ಯಾರು, ಹೊರಗೆ ಇದ್ದವರು ಯಾರು? ಅಪ್ಪ ಒಳಗೆ, ಮಗ ಹೊರಗೆ. ಮಲಯಾದಲ್ಲಿ ಬಂಡುಕೋರರು ಬಹುಪಾಲು ಒಂದೇ ಜನಾಂಗದವರು. ಸಾಗಿಸಿದವರಿಗೆ ಮೊದಲು ಭೂಮಿಯ ಹಕ್ಕೇ ಇರಲಿಲ್ಲ, ಹೊಸ ಊರಲ್ಲಿ ಸಿಕ್ಕಿತು. ವಿಯೆಟ್ನಾಂನ ರೈತನಿಗೆ ಹೊಲ, ಹಿರಿಯರ ಸಮಾಧಿ ಎರಡೂ ಹಳೇ ಊರಿನಲ್ಲಿ. ಹೊಸ ಊರಿನ ಕಂದಕ ತೋಡಲು ಬಿಟ್ಟಿ ಚಾಕರಿ ಬೇರೆ. ಸೈಗಾನಿನ ಜಿಲ್ಲಾಧಿಕಾರಿಗಳು ವಾಷಿಂಗ್ಟನ್ನಿಗೆ ಸಂಖ್ಯೆ ತೋರಿಸಲು ತಂತಿ ಎಳೆದ ಊರನ್ನೆಲ್ಲ ‘ಪೂರ್ಣ’ ಎಂದು ಬರೆದು ಸಾವಿರಗಟ್ಟಲೆ ಎಣಿಸಿದರು. ಅವಸರ ಮಾಡಿಸುತ್ತಿದ್ದ ಕರ್ನಲ್ ಫಾಮ್ ನ್ಗೊಕ್ ಥಾವೊ ಕಮ್ಯುನಿಸ್ಟ್ ಉತ್ತರ ವಿಯೆಟ್ನಾಂನ ಗೂಢಚಾರ ಎಂಬುದು ಆಮೇಲೆ ತಿಳಿಯಿತು. 1963ರ ನವೆಂಬರ್‌ನಲ್ಲಿ ದಕ್ಷಿಣ ವಿಯೆಟ್ನಾಂ ಅಧ್ಯಕ್ಷ ಜಿಯೆಮ್ ಕೊಲೆಯಾದ ಮೇಲೆ ನೋಡಿದರೆ ಊರುಗಳು ಖಾಲಿ, ತಂತಿ ಕಿತ್ತುಹೋಗಿದೆ. ಇನ್ನು ಗ್ರೀಸಿನ ಪಾಠ: ಅಲ್ಲಿ ಟಿಟೊ ಗಡಿ ಮುಚ್ಚಿದ್ದ. ಇಲ್ಲಿ ಲಾವೋಸ್ ಮತ್ತು ಕಾಂಬೋಡಿಯಾದ ಕಾಡಿನೊಳಗಿನ ಹೋ ಚಿ ಮಿನ್ ದಾರಿಯನ್ನು ಮುಚ್ಚುವವರು ಯಾರೂ ಇರಲಿಲ್ಲ, ಬಾಂಬಿಗೆ ಅದು ಮುಚ್ಚಲೂ ಇಲ್ಲ. 1966ರಲ್ಲಿ ಸೆನೆಟ್ ಸಮಿತಿಯ ಮುಂದೆ ಈ ಯುದ್ಧ ಬೇಡ ಎಂದು ಸಾಕ್ಷಿ ನುಡಿದವರಲ್ಲಿ ಜಾರ್ಜ್ ಕೆನನ್ ಕೂಡ ಇದ್ದ.

ಇನ್ನು ನಿಮ್ಮ ಮನೆಯ ಹಿರಿಯರ ಗೋಧಿ. ಹೌದು, ಅದಕ್ಕೂ ಇದಕ್ಕೂ ನೇರ ನಂಟಿದೆ. 1951ರಲ್ಲಿ ಭಾರತ ಬರಗಾಲಕ್ಕೆ ಗೋಧಿ ಕೇಳಿದಾಗ, ನೆಹರು ಚೀನಾಕ್ಕೆ ಮಾನ್ಯತೆ ಕೊಟ್ಟದ್ದು, ಕೊರಿಯಾ ವಿಷಯದಲ್ಲಿ ಅಮೆರಿಕದ ಜತೆ ನಿಲ್ಲದ್ದು ಸಂಸತ್ತಿನ ಕಣ್ಣು ಕುಕ್ಕಿ, ತಿಂಗಳುಗಟ್ಟಲೆ ಎಳೆದಾಡಿ 19 ಕೋಟಿ ಡಾಲರ್ ಸಾಲ ಕೊಟ್ಟರು. 1954ರ ಜುಲೈ 10ರಂದು ಪಿ.ಎಲ್. 480 ಕಾನೂನಾಯಿತು, ಅಮೆರಿಕದ ರೈತರ ಹೆಚ್ಚುವರಿ ಬೆಳೆ ಖಾಲಿಯಾಗಬೇಕು, ಬಡ ದೇಶಗಳು ಎಡಕ್ಕೆ ವಾಲಬಾರದು, ಎರಡೂ ಒಂದೇ ಚೀಲದಲ್ಲಿ. 1956ರ ಆಗಸ್ಟ್‌ನಲ್ಲಿ ಭಾರತದ ಮೊದಲ ಒಪ್ಪಂದ. ನಮ್ಮ ಶಾಲೆಗಳಲ್ಲಿ ಒಂದು ತಲೆಮಾರು ತಿಂದ ‘ಕೇರ್’ ಉಪ್ಪಿಟ್ಟು, ಹಾಲಿನ ಪುಡಿ ಇದೇ ಕಾನೂನಿನ ಇನ್ನೊಂದು ಬಾಗಿಲಿನಿಂದ ಬಂದದ್ದು. ಪಾರ್ಥೇನಿಯಂ ಕಳೆಯೂ ಪಿ.ಎಲ್. 480 ಗೋಧಿಯ ಜತೆ ಬಂತು ಎನ್ನುತ್ತಾರಲ್ಲ, ಅದು ತಾಳೆಯಾಗುವುದಿಲ್ಲ: ಪುಣೆಯಲ್ಲಿ ಆ ಕಳೆ ವರದಿಯಾದದ್ದು 1955ರಲ್ಲಿ.

ಹಣದ ಚಲನೆ ಇಟಲಿಯ ಹತ್ತಿಯಂತೆಯೇ. ಗೋಧಿಯ ಬೆಲೆ ರೂಪಾಯಿಯಲ್ಲಿ ಕಟ್ಟಿ, ರಿಸರ್ವ್ ಬ್ಯಾಂಕಿನಲ್ಲಿ ಅಮೆರಿಕದ ಲೆಕ್ಕಕ್ಕೆ ಜಮಾ. ಒಂದು ಪಾಲು ರಾಯಭಾರ ಕಚೇರಿಯ ಖರ್ಚಿಗೆ, ದೊಡ್ಡ ಪಾಲು ಭಾರತಕ್ಕೇ ಸಾಲವಾಗಿ ವಾಪಸು. ಆದರೆ ಇಟಲಿಗೆ ನಾಲ್ಕು ವರ್ಷದ ಗಡುವು ಇತ್ತು, ಇಲ್ಲಿ ಗಡುವೇ ಇರಲಿಲ್ಲ. ಸಾಲ, ಬಡ್ಡಿ ಸೇರಿ ರೂಪಾಯಿ ಗುಡ್ಡೆ ಬೆಳೆಯಿತು. ಖರ್ಚು ಮಾಡಿದರೆ ಭಾರತದಲ್ಲಿ ಹಣದುಬ್ಬರ, ಡಾಲರಿಗೆ ಬದಲಾಯಿಸಲು ಒಪ್ಪಂದದಲ್ಲಿ ದಾರಿಯಿಲ್ಲ. 1965-67ರ ಬರದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಗೋಧಿಯನ್ನು ತಿಂಗಳ ಲೆಕ್ಕದಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟ. ನಮ್ಮ ಕೃಷಿ ನೀತಿ ಬದಲಾಗಲಿ ಎಂಬುದು ಒಂದು ಕಾರಣ, ವಿಯೆಟ್ನಾಂ ಬಗ್ಗೆ ದೆಹಲಿ ಆಡುತ್ತಿದ್ದ ಮಾತು ಇನ್ನೊಂದು. ಅದರಿಂದ ದೆಹಲಿಯ ಬಾಯಿ ಮುಚ್ಚಲಿಲ್ಲ. ಸ್ವಂತ ಗೋಧಿ ಬೆಳೆಯುವ ಹಟ ಹುಟ್ಟಿತು. ಕೊನೆಗೆ 1974ರ ಫೆಬ್ರವರಿ 18ರಂದು ಅಮೆರಿಕದ ರಾಯಭಾರಿ ಡೇನಿಯಲ್ ಮೊಯ್ನಿಹಾನ್ ದೆಹಲಿಯಲ್ಲಿ ಭಾರತ ಸರ್ಕಾರದ ಕೈಗೆ ಒಂದು ಚೆಕ್ ಇಟ್ಟ. ಮೊತ್ತ 1,664 ಕೋಟಿ ರೂಪಾಯಿ, ಅಂದಿನ 200 ಕೋಟಿ ಡಾಲರಿಗೂ ಮಿಕ್ಕಿ. ಅಲ್ಲಿಯವರೆಗೆ ಯಾರೂ ಬರೆಯದಷ್ಟು ದೊಡ್ಡ ಚೆಕ್ಕೆಂದು ಅದು ಗಿನ್ನೆಸ್ ದಾಖಲೆ ಸೇರಿತು.